ಹಿಪ್ಪೊಲಿಟಾಳಿಂದ ಪ್ರಮೀಳೆಗೆ: ಒಂದು ಪ್ರಣಯ ವಿನೋದ ನಾಟಕ ಮತ್ತು ಅದರ ರೂಪಾಂತರಗಳು

ನಡುಗನ್ನಡ ಕಾವ್ಯಗಳ ಅಧ್ಯಯನದಲ್ಲಿ ತೊಡಗಿದವರು ಷೇಕ್ಸ್‌ಪಿಯರನ ನಾಟಕವೊಂದರ ಬಗೆಗೆ ಬರೆಯಹೊರಟರೆ ಅದಕ್ಕೆ ಕಾರಣವನ್ನು ಹೇಳಬೇಕಾಗುತ್ತದೆ. ನಮ್ಮ ಮಟ್ಟಿಗೆ ಆ ಕಾರಣ ಒಂದು ಹೆಸರು: ಪ್ರಮೀಳೆ. ಎಂ.ಎಲ್. ಶ್ರೀಕಂಠೇಶಗೌಡರು ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ ನಾಟಕವನ್ನು ಕನ್ನಡಕ್ಕೆ ತರುವಾಗ ಅದಕ್ಕೆ ‘ಪ್ರಮೀಳಾರ್ಜುನೀಯ’ ಎಂದು ಹೆಸರಿಟ್ಟರು. ಅಥೆನ್ಸಿನ ದೊರೆ ಥೀಸಿಯಸ್ ಅಲ್ಲಿ ಅರ್ಜುನನಾದ. ಅವನ ವಧು, ಅಮೆಜಾನ್ ಸ್ತ್ರೀಯರ ರಾಣಿ ಹಿಪ್ಪೊಲಿಟಾ, ಪ್ರಮೀಳೆಯಾದಳು. ಕನ್ನಡ ನಾಟಕ ಸಾಹಿತ್ಯ ಚರಿತ್ರೆಗಳು ಈ ಸಂಗತಿಯನ್ನು ಸಾಮಾನ್ಯವಾಗಿ ಒಂದು ವಾಕ್ಯದಲ್ಲಿ ಹೇಳಿ ಮುಂದೆ ಸಾಗುತ್ತವೆ. ಹೆಸರುಗಳನ್ನು ದೇಶೀಯಗೊಳಿಸುವುದು ಆ ಕಾಲದ ವಾಡಿಕೆ ಎಂಬ ವಿವರಣೆ ಅದಕ್ಕೆ ಹೊಂದಿಕೊಂಡೇ ಇರುತ್ತದೆ. ‘ಮ್ಯಾಕ್‌ಬೆತ್’ ‘ಪ್ರತಾಪರುದ್ರದೇವ’ವಾದುದು, ‘ಒಥೆಲೊ’ ಬಸವಪ್ಪ ಶಾಸ್ತ್ರಿಗಳ ಕೈಯಲ್ಲಿ ‘ಶೂರಸೇನ ಚರಿತೆ’ಯಾದುದು ಈ ವಾಡಿಕೆಗೆ ನಿದರ್ಶನಗಳೆಂದು ಹೇಳುತ್ತಾರೆ.

ವಾಡಿಕೆ ನಿಜ. ಆದರೆ ಪ್ರತಾಪರುದ್ರನಿಗೂ ಪ್ರಮೀಳೆಗೂ ಒಂದು ವ್ಯತ್ಯಾಸವುಂಟು. ಮೊದಲನೆಯದು ಕಥೆಗೆ ಹೊಂದುವಂತೆ ಆರಿಸಿಕೊಂಡ ಹೆಸರು. ಎರಡನೆಯದು ತನ್ನದೇ ಕಥೆಯನ್ನು ಬೆನ್ನಿಗೆ ಕಟ್ಟಿಕೊಂಡು ಬಂದ ಹೆಸರು. ಆ ಕಥೆ ಮೂಲ ನಾಟಕದ ಒಂದು ಮುಖ್ಯವಾದ ಗಂಟನ್ನು ಬೇರೆ ರೀತಿಯಲ್ಲಿ ಬಿಚ್ಚುತ್ತದೆ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಆ ಗಂಟು ಯಾವುದೆಂದು ನೋಡೋಣ. 1595–96ರ ಸುಮಾರಿಗೆ ರಚಿತವಾಗಿ, 1600ರಲ್ಲಿ ಮೊದಲು ಅಚ್ಚಾದ ಈ ನಾಟಕ ಇಂಗ್ಲಿಷಿನ ಪ್ರಣಯ ವಿನೋದ ನಾಟಕಗಳಲ್ಲಿ ಅತ್ಯಂತ ಜನಪ್ರಿಯವಾದವುಗಳಲ್ಲಿ ಒಂದು. ಕಥೆ ಪರಿಚಿತವಾದುದೇ. ಹರ್ಮಿಯಾ ಲೈಸಾಂಡರನನ್ನು ಪ್ರೀತಿಸುತ್ತಾಳೆ. ಅವಳ ತಂದೆ ಈಜಿಯಸ್ ಡಿಮೀಟ್ರಿಯಸನನ್ನೇ ವರಿಸಬೇಕೆಂದು ಹಟ ಹಿಡಿದು ದೊರೆಯ ಮುಂದೆ ದೂರು ಒಯ್ಯುತ್ತಾನೆ. ಪ್ರೇಮಿಗಳು ಕಾಡಿಗೆ ಓಡುತ್ತಾರೆ, ಡಿಮೀಟ್ರಿಯಸ್ ಅವರನ್ನು ಅರಸಿ ಹೋಗುತ್ತಾನೆ, ಅವನನ್ನು ಪ್ರೀತಿಸುವ ಹೆಲೆನಾ ಅವನ ಬೆನ್ನು ಹತ್ತುತ್ತಾಳೆ. ಅದೇ ಕಾಡಿನಲ್ಲಿ ಯಕ್ಷರಾಜ ಓಬೆರಾನನಿಗೂ ಅವನ ರಾಣಿ ಟೈಟಾನಿಯಾಳಿಗೂ ಜಗಳ. ಹೂವೊಂದರ ರಸವನ್ನು ಮಲಗಿದವರ ಕಣ್ಣಿಗೆ ಹಿಂಡಿದರೆ ಎದ್ದಾಗ ಮೊದಲು ಕಂಡವರ ಮೇಲೆ ಮೋಹ ಹುಟ್ಟುತ್ತದೆ. ಓಬೆರಾನನ ಅನುಚರ ಪಕ್ ಈ ರಸವನ್ನು ತಪ್ಪು ಕಣ್ಣಿಗೆ ಹಿಂಡಿದುದರಿಂದ ಇರುಳೆಲ್ಲ ಗೊಂದಲ. ದೊರೆಯ ಮದುವೆಗೆ ನಾಟಕವಾಡಲು ಅಭ್ಯಾಸ ನಡೆಸುತ್ತಿದ್ದ ನೇಕಾರ ಬಾಟಮನಿಗೆ ಕತ್ತೆಯ ತಲೆ ಬರುತ್ತದೆ. ಟೈಟಾನಿಯಾ ಅವನನ್ನು ಮೋಹಿಸುತ್ತಾಳೆ. ಬೆಳಗಾಗುವ ಹೊತ್ತಿಗೆ ಎಲ್ಲವೂ ಸರಿಹೋಗಿ ಮೂರು ಮದುವೆಗಳಾಗುತ್ತವೆ.

‘ಸರಿಹೋಗಿ’ ಎಂದೆವು. ಸ್ವಲ್ಪ ನಿಂತು ನೋಡಿದರೆ ಸರಿಹೋದುದೆಷ್ಟು ಎಂಬ ಸಂದೇಹ ಹುಟ್ಟುತ್ತದೆ. ಲೈಸಾಂಡರನ ಕಣ್ಣಿನ ಮಾಯೆಯನ್ನು ತೆಗೆದುಹಾಕಲಾಗುತ್ತದೆ, ಡಿಮೀಟ್ರಿಯಸನದನ್ನು ತೆಗೆಯುವುದಿಲ್ಲ. ಹೆಲೆನಾಳ ದಾಂಪತ್ಯ ಹೂವಿನ ರಸದ ಮೇಲೆ ನಿಂತಿದೆ. ಟೈಟಾನಿಯಾ ಮೋಹದ ಭರದಲ್ಲಿ, ತಾನು ಬಿಟ್ಟುಕೊಡೆನೆಂದು ಪಟ್ಟುಹಿಡಿದಿದ್ದ ಬಾಲಕನನ್ನು ಗಂಡನಿಗೆ ಒಪ್ಪಿಸಿಬಿಡುತ್ತಾಳೆ. ಇವೆಲ್ಲಕ್ಕೂ ಮೊದಲು ನಾಟಕದ ಬಾಗಿಲಲ್ಲೇ ನಿಂತಿರುವವಳು ಹಿಪ್ಪೊಲಿಟಾ. ತಾನು ಅವಳನ್ನು ಒಲಿಸಿದ್ದು ಖಡ್ಗದಿಂದ ಎಂದು ಥೀಸಿಯಸನೇ ಹೇಳಿಕೊಳ್ಳುತ್ತಾನೆ. ಅವಳು ಯುದ್ಧದಲ್ಲಿ ಸೆರೆಸಿಕ್ಕ ರಾಣಿ. ಮೊದಲ ದೃಶ್ಯದಲ್ಲಿ ಅವಳು ಮಾತನಾಡುವುದು ಒಂದೇ ಸಲ, ಕೆಲವೇ ಸಾಲು. ಅನಂತರ ಹರ್ಮಿಯಾಳ ತಂದೆ ಬಂದು, ಮಗಳು ತನ್ನ ಮಾತು ಕೇಳದಿದ್ದರೆ ಅವಳನ್ನು ಕೊಲ್ಲಿಸುವ ಹಕ್ಕು ತನಗಿದೆಯೆಂದು ವಾದಿಸುವಾಗ ಅವಳು ಅಲ್ಲಿಯೇ ಇದ್ದಾಳೆ, ಆದರೆ ಮೌನವಾಗಿದ್ದಾಳೆ. ಆ ಮೌನವನ್ನು ಥೀಸಿಯಸನೂ ಗಮನಿಸಿದಂತಿದೆ. ಹೊರಡುವಾಗ ಅವಳ ಮನಸ್ಸು ಹೇಗಿದೆಯೆಂದು ವಿಚಾರಿಸುತ್ತಾನೆ. ಉತ್ತರವಿಲ್ಲ. ಕೊನೆಯ ಅಂಕದಲ್ಲಿ ಮಾತ್ರ ಅವಳ ಬುದ್ಧಿ ಎಂಥದೆಂಬುದು ತಿಳಿಯುತ್ತದೆ. ಪ್ರೇಮಿಗಳು ಹೇಳಿದ ಇರುಳಿನ ವೃತ್ತಾಂತವನ್ನು ಥೀಸಿಯಸ್ ಕೇವಲ ಕಲ್ಪನೆಯೆಂದು ತಳ್ಳಿಹಾಕಿದಾಗ, ಎಲ್ಲರೂ ಒಂದೇ ಬಗೆಯಾಗಿ ಹೇಳುತ್ತಿರುವ ಮಾತಿನಲ್ಲಿ ಏನೋ ನಿಜವಿರಬೇಕೆಂದು ಅವಳು ಪ್ರತಿಪಾದಿಸುತ್ತಾಳೆ. ಆ ವಾದದಲ್ಲಿ ಸರಿಯಾಗಿರುವವಳು ಅವಳೇ ಎಂಬುದು ಪ್ರೇಕ್ಷಕರಿಗೆ ಗೊತ್ತು.

ನಾಲ್ಕು ಶತಮಾನಗಳ ರೂಪಾಂತರಕಾರರು ಈ ರಾಣಿಯನ್ನು ಏನು ಮಾಡಿದರು? ಇಡೀ ಪರಂಪರೆಯನ್ನು ಈ ಒಂದು ಪ್ರಶ್ನೆಯಿಂದ ಅಳೆಯಬಹುದೆಂದು ನಮಗೆ ತೋರುತ್ತದೆ. ಸ್ಯಾಮ್ಯುಅಲ್ ಪೀಪ್ಸ್ 1662ರಲ್ಲಿ ನಾಟಕವನ್ನು ನೋಡಿ ಬೇಸತ್ತು, ಇನ್ನೆಂದೂ ನೋಡುವುದಿಲ್ಲವೆಂದು ದಿನಚರಿಯಲ್ಲಿ ಬರೆದುಕೊಂಡ. ಅವನ ಮಾತನ್ನು ಬಿಡೋಣ. 1692ರಲ್ಲಿ ಹೆನ್ರಿ ಪರ್ಸೆಲನ ಸಂಗೀತದೊಂದಿಗೆ ಲಂಡನ್ನಿನಲ್ಲಿ ಪ್ರದರ್ಶಿತವಾದ ‘ದಿ ಫೇರಿ ಕ್ವೀನ್’ನಲ್ಲಿ ಹಿಪ್ಪೊಲಿಟಾಳ ಪಾತ್ರವೇ ಇಲ್ಲ. ಚೀನಾದೇಶದ ಉದ್ಯಾನಕ್ಕೂ ಚೀನೀ ಗಾಯಕರಿಗೂ ಅಲ್ಲಿ ಸ್ಥಳ ಸಿಕ್ಕಿತು, ದೊರೆಯ ವಧುವಿಗೆ ಸಿಗಲಿಲ್ಲ! 1755ರ ‘ದಿ ಫೇರೀಸ್’ನಲ್ಲಿ ಡೇವಿಡ್ ಗ್ಯಾರಿಕ್ ಬಾಟಮನ ಗುಂಪನ್ನು ಕೈಬಿಟ್ಟು ಗೀತನಾಟಕವನ್ನು ಕಟ್ಟಿದ. ಹತ್ತೊಂಬತ್ತನೆಯ ಶತಮಾನಕ್ಕೆ ನಾಟಕವೆಂದರೆ ಮುಖ್ಯವಾಗಿ ಮೆಂಡೆಲ್ಸನನ ಸಂಗೀತ. ಅದರ ಮುನ್ನುಡಿವಾದನವನ್ನು ಅವನು ತನ್ನ ಹದಿನೇಳನೆಯ ವಯಸ್ಸಿನಲ್ಲಿ, 1826ರಲ್ಲಿ ರಚಿಸಿದ್ದ. 1900ರಲ್ಲಿ ಬೀರ್‌ಬೋಮ್ ಟ್ರೀ ರಂಗದ ಮೇಲೆ ಜೀವಂತ ಮೊಲಗಳನ್ನು ಬಿಟ್ಟದ್ದು ಈ ದೃಶ್ಯವೈಭವದ ತುತ್ತತುದಿ. ಮ್ಯಾಕ್ಸ್ ರೈನ್‌ಹಾರ್ಟನ 1935ರ ಚಲನಚಿತ್ರವೂ ಇದೇ ದಾರಿಯದು. ಬೆಂಜಮಿನ್ ಬ್ರಿಟನ್ 1960ರ ತನ್ನ ಗೀತನಾಟಕವನ್ನು ನೇರವಾಗಿ ಕಾಡಿನಲ್ಲಿಯೇ ಆರಂಭಿಸಿ, ಥೀಸಿಯಸ್ ಮತ್ತು ಹಿಪ್ಪೊಲಿಟಾರನ್ನು ಕೊನೆಯ ಅಂಕಕ್ಕೆ ಸರಿಸಿದ.

ತಿರುವು ಬಂದದ್ದು 1970ರಲ್ಲಿ. ಪೀಟರ್ ಬ್ರೂಕ್ ಕಾಡು, ಚಂದ್ರ, ಹೂಗಿಡಗಳನ್ನೆಲ್ಲ ತೆಗೆದುಹಾಕಿ ಬಿಳಿಗೋಡೆಗಳ ಪೆಟ್ಟಿಗೆಯಂಥ ರಂಗವನ್ನು ನಿಲ್ಲಿಸಿದ. ನಟರು ಸರ್ಕಸ್ಸಿನ ಜೋಲಿಗಳಲ್ಲಿ ತೂಗಾಡಿದರು. ಥೀಸಿಯಸನ ನಟನೇ ಓಬೆರಾನ್, ಹಿಪ್ಪೊಲಿಟಾಳ ನಟಿಯೇ ಟೈಟಾನಿಯಾ. ಹಗಲು ನುಂಗಿಕೊಂಡ ಜಗಳ ಇರುಳಿನಲ್ಲಿ ಹೊರಬೀಳುತ್ತದೆ ಎಂಬ ಅರ್ಥ ಇದರಿಂದ ಸಿದ್ಧವಾಯಿತು. 2019ರಲ್ಲಿ ಲಂಡನ್ನಿನ ಬ್ರಿಜ್ ಥಿಯೇಟರಿನಲ್ಲಿ ನಿಕೊಲಸ್ ಹೈಟ್ನರ್ ಇನ್ನೂ ಮುಂದೆ ಹೋದ. ಹಿಪ್ಪೊಲಿಟಾ ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಪ್ರದರ್ಶನಕ್ಕಿಟ್ಟ ಬಂದಿನಿ. ಕಾಡಿನ ಭಾಗದಲ್ಲಿ ಓಬೆರಾನ್, ಟೈಟಾನಿಯಾರ ಮಾತುಗಳನ್ನು ಅದಲುಬದಲು ಮಾಡಿ, ಕತ್ತೆತಲೆಯ ಬಾಟಮನನ್ನು ಮೋಹಿಸುವ ಪಾಡು ಓಬೆರಾನನಿಗೆ ಬರುವಂತೆ ಮಾಡಿದ. ಮೂಲದ ಗಂಟು ಕೊನೆಗೂ ಕಣ್ಣಿಗೆ ಬಿದ್ದಿತ್ತು. ಆದರೆ ಅದನ್ನು ಬಿಚ್ಚಲು ಮಾತುಗಳನ್ನೇ ಪಲ್ಲಟಗೊಳಿಸಬೇಕಾಯಿತು.

ಈಗ ಕನ್ನಡಕ್ಕೆ ಬರೋಣ. ಶ್ರೀಕಂಠೇಶಗೌಡರ ಓದುಗರಿಗೆ ಪ್ರಮೀಳೆ ಯಾರೆಂದು ಹೇಳಬೇಕಾಗಿರಲಿಲ್ಲ. ಲಕ್ಷ್ಮೀಶನ ‘ಜೈಮಿನಿ ಭಾರತ’ ಅವರ ಕಾಲದಲ್ಲಿ ಊರೂರಿನ ಜಗಲಿಗಳಲ್ಲಿ ವಾಚನಗೊಳ್ಳುತ್ತಿದ್ದ ಕಾವ್ಯ. ವಾರ್ಧಕ ಷಟ್ಪದಿಯ ಈ ಮೂವತ್ತನಾಲ್ಕು ಸಂಧಿಗಳ ಕೃತಿಯಲ್ಲಿ ಧರ್ಮರಾಯನ ಅಶ್ವಮೇಧದ ಕುದುರೆ ದೇಶದೇಶಗಳನ್ನು ಸುತ್ತುತ್ತದೆ, ಅರ್ಜುನ ಅದರ ಬೆಂಗಾವಲಾಗಿ ನಡೆಯುತ್ತಾನೆ. ಸುಧನ್ವ, ಸುರಥರ ಕಾಳಗ ಮುಗಿದ ಮೇಲೆ ಕುದುರೆ ಒಂದು ವನದ ಕೊಳಕ್ಕಿಳಿದು ಹೆಣ್ಣುಗುದುರೆಯಾಗುತ್ತದೆ, ಇನ್ನೊಂದೆಡೆ ಹುಲಿಯಾಗುತ್ತದೆ, ಕೃಷ್ಣಾನುಗ್ರಹದಿಂದ ಮೊದಲಿನ ರೂಪವನ್ನು ಪಡೆದು ಸ್ತ್ರೀರಾಜ್ಯವನ್ನು ಹೊಗುತ್ತದೆ. ಅಲ್ಲಿ ಗಂಡಸರಿಲ್ಲ, ಬಂದ ಗಂಡಸು ಹೆಚ್ಚು ದಿನ ಬದುಕುವುದಿಲ್ಲ. ಆ ರಾಜ್ಯದ ರಾಣಿ ಪ್ರಮೀಳೆ ಕುದುರೆಯನ್ನು ಕಟ್ಟಿಸುತ್ತಾಳೆ. ತನ್ನನ್ನು ವರಿಸು, ಇಲ್ಲವೇ ಕಾದು ಎಂಬುದು ಅರ್ಜುನನಿಗೆ ಅವಳು ಒಡ್ಡುವ ಷರತ್ತು. ಅವನು ಮೊದಲಿಗೆ ಒಪ್ಪುವುದಿಲ್ಲ. ಕಾಳಗಕ್ಕೆ ನಿಂತಾಗ ಆಕಾಶವಾಣಿಯೊಂದು ಅವನನ್ನು ತಡೆದು, ಈಕೆಯನ್ನು ವರಿಸುವುದೇ ಲೇಸೆಂದು ತಿಳಿಸುತ್ತದೆ. ಅರ್ಜುನ ಒಪ್ಪಿ, ಅವಳನ್ನು ಹಸ್ತಿನಾವತಿಗೆ ಕಳುಹಿಸಿ, ಕುದುರೆಯೊಡನೆ ಮುಂದೆ ಸಾಗುತ್ತಾನೆ.

ಎರಡು ಕಥೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಸಾಮ್ಯಕ್ಕಿಂತ ವ್ಯತ್ಯಾಸವೇ ಬೆಲೆಯುಳ್ಳದ್ದು. ಗ್ರೀಕರ ಅಮೆಜಾನ್ ನಾಡಿಗೆ ನಮ್ಮ ಸ್ತ್ರೀರಾಜ್ಯ ಸಮಾನವೆಂಬುದು ಯಾರಿಗೂ ಹೊಳೆಯಬಹುದಾದ ಸಂಗತಿ. ಆದರೆ ಥೀಸಿಯಸ್ ಖಡ್ಗದಿಂದ ಗೆದ್ದ. ಅರ್ಜುನ ಬಿಲ್ಲನ್ನು ಕೆಳಗಿರಿಸಿ ಗೆದ್ದ, ಅಥವಾ ಸೋತ. ಹಿಪ್ಪೊಲಿಟಾಳನ್ನು ಅವಳ ಇಚ್ಛೆ ಕೇಳದೆ ತಂದರು. ಪ್ರಮೀಳೆಯ ಇಚ್ಛೆಯೇ ಇಡೀ ಪ್ರಸಂಗದ ಮೂಲ. ‘ಪ್ರಮೀಳಾರ್ಜುನೀಯ’ ಎಂಬ ಸಮಾಸವೇ ಹೆಣ್ಣಿನ ಹೆಸರನ್ನು ಮುಂದಿಟ್ಟಿದೆ. ಜೈಮಿನಿ ಭಾರತವನ್ನು ಕೇಳಿ ಬೆಳೆದ ಪ್ರೇಕ್ಷಕನಿಗೆ, ಮದುವೆಯ ಸಡಗರದಲ್ಲಿರುವ ಈ ದಂಪತಿಗಳಲ್ಲಿ ಷರತ್ತು ಹಾಕಿದವಳು ವಧು ಎಂಬುದು ತೆರೆ ಏಳುವ ಮೊದಲೇ ತಿಳಿದಿರುತ್ತದೆ. ರೂಪಾಂತರಕಾರರು ಇದನ್ನು ಉದ್ದೇಶಿಸಿದ್ದರೇ ಎಂಬ ಪ್ರಶ್ನೆಯನ್ನು ನಾವು ಎತ್ತುತ್ತಿಲ್ಲ. ಹೆಸರು ತನ್ನ ಸಂಸ್ಕಾರದೊಂದಿಗೆ ಬರುತ್ತದೆ. ಉದ್ದೇಶವಿರಲಿ ಇಲ್ಲದಿರಲಿ, ಅದು ಪ್ರೇಕ್ಷಕನ ಮನಸ್ಸಿನಲ್ಲಿ ತನ್ನ ಕೆಲಸವನ್ನು ಮಾಡುತ್ತದೆ. ಹೈಟ್ನರ್ ಮಾತುಗಳನ್ನು ಅದಲುಬದಲು ಮಾಡಿ ಸಾಧಿಸಿದ ಪಲ್ಲಟದ ಒಂದು ಪಾಲು ಇಲ್ಲಿ ಒಂದು ಹೆಸರಿನಿಂದಲೇ ಆಗಿದೆ.

ಸಾಮ್ಯಗಳೂ ಇಲ್ಲದಿಲ್ಲ, ಅವು ಮೇಲ್ನೋಟಕ್ಕೆ ಕಾಣದಂಥವು. ನಾಟಕದಲ್ಲಿ ಓಬೆರಾನ್ ತನ್ನ ಹೆಂಡತಿಯೊಡನೆ ಜಗಳವಾಡುವಾಗ ಥೀಸಿಯಸ್ ಹಿಂದೆ ಕೈಬಿಟ್ಟ ಹೆಂಗಸರ ಪಟ್ಟಿಯನ್ನೇ ಒದರುತ್ತಾನೆ. ಅರ್ಜುನನ ಪಟ್ಟಿಯೂ ಚಿಕ್ಕದಲ್ಲ: ಉಲೂಪಿ, ಚಿತ್ರಾಂಗದೆ, ಸುಭದ್ರೆ. ಲಕ್ಷ್ಮೀಶನಲ್ಲಿ ಪ್ರಮೀಳೆಯನ್ನು ಕಳುಹಿಸಿಕೊಟ್ಟು ಭೀಷಣನೆಂಬ ರಾಕ್ಷಸನನ್ನು ಗೆದ್ದು ಅರ್ಜುನ ಸೇರುವುದು ಮಣಿಪುರವನ್ನು. ಅಲ್ಲಿ ಹಿಂದೆ ತಾನು ಬಿಟ್ಟುಬಂದ ಹೆಂಡತಿಯ ಮಗ ಬಭ್ರುವಾಹನನ ಕೈಯಲ್ಲಿ ಅವನ ತಲೆ ಉರುಳುತ್ತದೆ. ಥೀಸಿಯಸನ ಕಥೆಯಲ್ಲಿ ಇದು ತಿರುಗುಮುರುಗು: ಅಮೆಜಾನ್ ರಾಣಿಯಲ್ಲಿ ಹುಟ್ಟಿದ ಮಗ ಹಿಪ್ಪೊಲಿಟಸ್ ತಂದೆಯ ಶಾಪದಿಂದ ಸಾಯುತ್ತಾನೆ. ಷೇಕ್ಸ್‌ಪಿಯರ್ ಥೀಸಿಯಸನ ಜೀವನಕ್ಕೆ ಆಧರಿಸಿದ್ದು 1579ರಲ್ಲಿ ಇಂಗ್ಲಿಷಿಗೆ ಬಂದ ಪ್ಲೂಟಾರ್ಕನನ್ನು. ಆ ಕಥೆ ಬಲ್ಲ ಪ್ರೇಕ್ಷಕರಿಗೆ, ಕೊನೆಯಲ್ಲಿ ಯಕ್ಷರು ಬಂದು ನವದಂಪತಿಗಳ ಸಂತಾನಕ್ಕೆ ಒಳಿತನ್ನು ಹರಸುವಾಗ ಮೈ ಜುಂ ಎಂದಿರಬೇಕು. ಕುದುರೆ ಹೆಣ್ಣಾಗಿ, ಹುಲಿಯಾಗಿ ಮಾರ್ಪಟ್ಟದ್ದನ್ನೂ ಬಾಟಮನ ಕತ್ತೆಯ ತಲೆಯನ್ನೂ ಜೊತೆಗಿಟ್ಟು ನೋಡಬಹುದು. ಹೆಣ್ಣಿನ ಆಳ್ವಿಕೆಯ ಎಲ್ಲೆಯಲ್ಲಿ ರೂಪಗಳು ಸಡಿಲಗೊಳ್ಳುತ್ತವೆ ಎಂಬ ಭಾವನೆ ಎರಡು ಕಡೆಗೂ ಸಮಾನ. ಇದು ಪ್ರಭಾವವಲ್ಲ, ಒಂದೇ ಬಗೆಯ ಭಯ ಒಂದೇ ಬಗೆಯ ಕಥೆಯನ್ನು ಹೆಣೆದಿದೆ, ಅಷ್ಟೇ.

ಇಲ್ಲಿ ಋತುವಿನ ಬಗೆಗೆ ಒಂದು ಮಾತು. ಇಂಗ್ಲೆಂಡಿನಲ್ಲಿ ನಡುಬೇಸಗೆಯೆಂದರೆ ಜೂನ್ ತಿಂಗಳ ಹಿತವಾದ ಇರುಳು. ನಮ್ಮಲ್ಲಿ ಆ ಪದ ನೆನಪಿಗೆ ತರುವುದು ಬಿಸಿಲು, ಬೆವರು, ಬತ್ತಿದ ಬಾವಿ. ಆದ್ದರಿಂದ ಭಾರತೀಯ ರೂಪಾಂತರಗಳು ವಸಂತಕ್ಕೆ ವಾಲುವುದು ಸಹಜ. ಹಬೀಬ್ ತನ್ವೀರರು 1993ರಲ್ಲಿ ಛತ್ತೀಸಗಢದ ಜನಪದ ಕಲಾವಿದರೊಡನೆ ಆಡಿಸಿದ ರೂಪಾಂತರದ ಹೆಸರೇ ‘ಕಾಮದೇವ್ ಕಾ ಅಪ್‌ನಾ, ಬಸಂತ್ ಋತು ಕಾ ಸಪ್‌ನಾ’. ಇದು ಮೂಲಕ್ಕೆ ಎಸಗಿದ ಅಪಚಾರವೇನಲ್ಲ. ಕಾಡಿನಲ್ಲಿ ಮಲಗಿದ್ದ ಪ್ರೇಮಿಗಳನ್ನು ಕಂಡ ಥೀಸಿಯಸ್ ಅವರು ಮೇ ತಿಂಗಳ ಆಚರಣೆಗೆ ಬಂದಿರಬೇಕೆಂದು ಊಹಿಸುತ್ತಾನೆ. ಅಂದರೆ ಶೀರ್ಷಿಕೆಯಲ್ಲಿ ಬೇಸಗೆಯಿದ್ದರೂ ನಾಟಕದ ಒಳಗೆ ವಸಂತವೇ ಇದೆ. ತನ್ವೀರರ ಪ್ರಯೋಗದಲ್ಲಿ ಒತ್ತು ಬಿದ್ದುದು ದೊರೆಯ ಮೇಲಲ್ಲ, ನಾಟಕವಾಡಲು ಹೊರಟ ಕುಶಲಕರ್ಮಿಗಳ ಮೇಲೆ. ಹಳ್ಳಿಯ ನಟರು ಹಳ್ಳಿಯ ನಟರ ಪಾತ್ರ ವಹಿಸಿದಾಗ ಅವರನ್ನು ನೋಡಿ ನಗುವ ಆಸ್ಥಾನಿಕರೇ ಹಾಸ್ಯಾಸ್ಪದರಾಗುತ್ತಾರೆ. ಟಿಮ್ ಸಪ್ಲ್ 2006ರಲ್ಲಿ ಭಾರತ ಮತ್ತು ಶ್ರೀಲಂಕಾದ ಕಲಾವಿದರಿಂದ ತಮಿಳು, ಮಲಯಾಳಂ, ಹಿಂದಿ, ಬಂಗಾಳಿ, ಮರಾಠಿ, ಸಿಂಹಳ ಮುಂತಾದ ಭಾಷೆಗಳನ್ನು ಬೆರೆಸಿ ಆಡಿಸಿದ ಪ್ರಯೋಗ ಹೆಚ್ಚು ಪ್ರಸಿದ್ಧವಾಯಿತು. ಅದರ ದೃಶ್ಯಶಕ್ತಿ ದೊಡ್ಡದು. ಆದರೆ ಕಥೆಯ ಮಟ್ಟಿಗೆ ತನ್ವೀರರ ಧೈರ್ಯ ಹೆಚ್ಚಿನದೆಂಬುದು ನಮ್ಮ ಅಭಿಪ್ರಾಯ. ಕನ್ನಡದಲ್ಲಿ ಕೆ.ಎಸ್. ನಿಸಾರ್ ಅಹಮದ್ ಅವರು ಇದೇ ನಾಟಕವನ್ನು ಅನುವಾದಿಸಿದರು. ಅದು ರೂಪಾಂತರವಲ್ಲ, ಭಾಷಾಂತರ. ಅದರ ನಿಷ್ಠೆ ಮೂಲದ ಮಾತಿಗೆ. ‘ಪ್ರಮೀಳಾರ್ಜುನೀಯ’ವನ್ನೂ ಅದನ್ನೂ ಒಂದೇ ಅಳತೆಗೋಲಿನಿಂದ ಅಳೆದು, ಹಳೆಯದು ಮೂಲಕ್ಕೆ ದೂರ, ಹೊಸದು ಹತ್ತಿರ ಎಂದು ತೀರ್ಪು ಕೊಡುವ ಪದ್ಧತಿಯನ್ನು ನಾವು ಒಪ್ಪುವುದಿಲ್ಲ.

ಕರ್ನಾಟಕದ ಹೊರಗಿದ್ದು ಸಂಶೋಧನೆ ನಡೆಸುವವರಿಗೆ ಈ ವಿಷಯದಲ್ಲಿ ಒಂದು ಅನುಕೂಲವುಂಟು. ಪ್ರಮೀಳೆ ಕನ್ನಡದ ಸ್ವತ್ತು ಮಾತ್ರವಲ್ಲ. ಹೈದರಾಬಾದಿನಲ್ಲಿರುವವರಿಗೆ ಹದಿನೈದನೆಯ ಶತಮಾನದ ಪಿಲ್ಲಲಮರ್ರಿ ಪಿನವೀರಭದ್ರನ ತೆಲುಗು ‘ಜೈಮಿನಿ ಭಾರತಮು’ ಕೈಗೆ ಹತ್ತಿರ. ಪುಣೆ, ಮುಂಬಯಿಗಳಲ್ಲಿರುವವರಿಗೆ ಶ್ರೀಧರನ ಮರಾಠಿ ‘ಜೈಮಿನಿ ಅಶ್ವಮೇಧ’ ಇದೆ. ಬಂಗಾಳಿಯಲ್ಲಿ ಮೈಕೆಲ್ ಮಧುಸೂದನ ದತ್ತರು 1861ರ ‘ಮೇಘನಾದವಧ ಕಾವ್ಯ’ದಲ್ಲಿ ಇಂದ್ರಜಿತುವಿನ ಹೆಂಡತಿಗೆ ಪ್ರಮೀಳೆಯೆಂದೇ ಹೆಸರಿಟ್ಟು, ಮೂರನೆಯ ಸರ್ಗದಲ್ಲಿ ಅವಳು ಹೆಣ್ಣುಪಡೆಯೊಡನೆ ಲಂಕೆಯನ್ನು ಹೊಗುವಂತೆ ಮಾಡಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಶಸ್ತ್ರಧಾರಿಣಿಯಾದ ನಾಯಿಕೆಯನ್ನು ಕಲ್ಪಿಸಿಕೊಳ್ಳಬೇಕಾದಾಗ ಎರಡು ಭಾಷೆಗಳ ಲೇಖಕರು ಒಂದೇ ಹೆಸರಿಗೆ ಕೈಚಾಚಿದ್ದಾರೆ.

ಇದರೊಡನೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಗ್ರಂಥಾಲಯದ ಸೂಚಿಗಳಲ್ಲಿ ‘ಪ್ರಮೀಳಾರ್ಜುನ’, ‘ಪ್ರಮೀಳಾರ್ಜುನೀಯ’ ಎಂಬ ಹೆಸರು ಕಂಡೊಡನೆ ಅದನ್ನು ಷೇಕ್ಸ್‌ಪಿಯರನ ಲೆಕ್ಕಕ್ಕೆ ಬರೆಯುವಂತಿಲ್ಲ. ಯಕ್ಷಗಾನದ ‘ಪ್ರಮೀಳಾರ್ಜುನ’ ಪ್ರಸಂಗ ಜೈಮಿನಿಯದು. ಎನ್.ಟಿ. ರಾಮರಾವ್ ಮತ್ತು ಬಿ. ಸರೋಜಾದೇವಿ ನಟಿಸಿದ 1965ರ ತೆಲುಗು ಚಲನಚಿತ್ರ ‘ಪ್ರಮೀಳಾರ್ಜುನೀಯಂ’ ಕೂಡ ಪುರಾಣದ ಕಥೆಯೇ. ಶೀರ್ಷಿಕೆಯನ್ನು ನಂಬದೆ ಪಾತ್ರಗಳ ಪಟ್ಟಿಯನ್ನು ತೆರೆದು ನೋಡಬೇಕು: ಅರ್ಜುನ, ಪ್ರಮೀಳೆಯರಲ್ಲದೆ ಇಬ್ಬರು ತರುಣರು, ಇಬ್ಬರು ತರುಣಿಯರು ಮತ್ತು ನಾಟಕವಾಡುವ ಗುಂಪೊಂದು ಕಾಣಿಸಿದರೆ ಮಾತ್ರ ಅದು ಅಥೆನ್ಸಿನ ಕಾಡಿನಿಂದ ಬಂದದ್ದು.

ಯಕ್ಷಗಾನದ ಮಾತು ಬಂದುದರಿಂದ ಅಲ್ಲಿ ಸ್ವಲ್ಪ ನಿಲ್ಲಬೇಕು. ಷೇಕ್ಸ್‌ಪಿಯರನ ರಂಗದಲ್ಲಿ ಹಿಪ್ಪೊಲಿಟಾ ಹುಡುಗನೊಬ್ಬ ಧರಿಸಿದ ವೇಷ. ಸಾಂಪ್ರದಾಯಿಕ ಯಕ್ಷಗಾನದಲ್ಲಿಯೂ ಹೆಣ್ಣಿನ ವೇಷ ಗಂಡಸರದೇ. ಆದರೆ ಪ್ರಮೀಳೆ ಅಲ್ಲಿ ಸಾಮಾನ್ಯ ಸ್ತ್ರೀವೇಷವಲ್ಲ. ಶಶಿಪ್ರಭೆ, ಮೀನಾಕ್ಷಿಯರಂತೆ ಅವಳದು ‘ಕಸೆ ಸ್ತ್ರೀವೇಷ’, ವೀರರಸಕ್ಕೆ ಒಗ್ಗಿದ ಬಿರುಸಿನ ವೇಷ. ತಾಳಮದ್ದಲೆಯಲ್ಲಾದರೆ ವೇಷವೂ ಇಲ್ಲ, ಬರಿಯ ಮಾತು. ನುರಿತ ಅರ್ಥಧಾರಿಯೊಬ್ಬ ಪ್ರಮೀಳೆಯಾಗಿ ಕುಳಿತರೆ, ಹೆಣ್ಣಿನ ನಾಡಿಗೆ ಅಪ್ಪಣೆಯಿಲ್ಲದೆ ಕುದುರೆಯನ್ನು ನುಗ್ಗಿಸಿದವನಿಗೆ ಧರ್ಮದ ಮಾತೇಕೆ ಎಂದು ಅರ್ಜುನನನ್ನು ಗಂಟೆಗಟ್ಟಲೆ ಕಟ್ಟಿಹಾಕಬಲ್ಲ. ಮೊದಲ ದೃಶ್ಯದಲ್ಲಿ ಕೆಲವೇ ಸಾಲು ನುಡಿದು ಮೌನವಾಗುವ ಹಿಪ್ಪೊಲಿಟಾಳಿಗೆ ದಕ್ಕದ ವಾದದ ಅವಕಾಶ ಇದು. ಕರಾವಳಿಯವರು ಮುಂಬಯಿಗೆ ಹೋಗಿ ನೆಲೆಸಿದಲ್ಲೆಲ್ಲ ಈ ಕಲೆಯೂ ಜೊತೆಗೆ ಹೋಗಿದೆ. ಅಂಥ ಕೂಟಗಳಲ್ಲಿ ಪ್ರಮೀಳೆಯ ವಾದಗಳನ್ನು ಧ್ವನಿಮುದ್ರಿಸಿ ಇಡುವ ಕೆಲಸ ಯಾವ ಗ್ರಂಥಸಂಪಾದನೆಗೂ ಕಡಿಮೆಯದಲ್ಲ.

ಚೆನ್ನೈಯಲ್ಲಿರುವವರಿಗೆ ಇನ್ನೊಂದು ದಾರಿ ತೆರೆದಿದೆ. ತಮಿಳರ ಅರ್ಜುನ ಎದುರಿಸುವ ಸ್ತ್ರೀರಾಜ್ಯದ ರಾಣಿಯ ಹೆಸರು ‘ಅಲ್ಲಿ’. ಕನ್ನಡದವರ ಕಿವಿಗೆ ಈ ಹೆಸರು ಮೊದಲು ತುಸು ತಮಾಷೆಯಾಗಿ ಕೇಳಿಸಬಹುದು; ಅರ್ಥ ನೈದಿಲೆ. ಪುಗಳೇಂದಿಯ ಹೆಸರಿನಲ್ಲಿ ಪ್ರಚಲಿತವಾಗಿರುವ ‘ಅಲ್ಲಿ ಅರಸಾಣಿ ಮಾಲೈ’ ಎಂಬ ಕಥನಗೀತದಲ್ಲಿ ಅವಳು ಮಧುರೆಯನ್ನಾಳುವ ರಾಣಿ, ಗಂಡಸರನ್ನು ಹತ್ತಿರ ಸೇರಿಸದವಳು. ಅರ್ಜುನ ಅವಳನ್ನು ಯುದ್ಧದಲ್ಲಿ ಗೆಲ್ಲುವುದಿಲ್ಲ, ಆಕಾಶವಾಣಿಯೂ ಅವನ ನೆರವಿಗೆ ಬರುವುದಿಲ್ಲ. ಹಾವಿನ ರೂಪ ತಾಳಿ ಅವಳ ಅಂತಃಪುರವನ್ನು ಸೇರುತ್ತಾನೆ, ಅವಳು ನಿದ್ರಿಸುತ್ತಿರುವಾಗ ತಾಳಿ ಕಟ್ಟುತ್ತಾನೆ. ಎಚ್ಚರಗೊಂಡ ಅಲ್ಲಿ ಉರಿದೇಳುತ್ತಾಳೆ. ಮಲಗಿದ ಹೆಣ್ಣಿನ ಕಣ್ಣಿಗೆ ಹೂವಿನ ರಸ ಹಿಂಡಿದ ಓಬೆರಾನನಿಗೆ ನೆಂಟನಾಗುವವನು ಈ ಅರ್ಜುನ. ಲಕ್ಷ್ಮೀಶನ ಅರ್ಜುನನ ಬದಲು ಇವನು ಕನ್ನಡದ ರೂಪಾಂತರಕಾರರ ಕೈಗೆ ಸಿಕ್ಕಿದ್ದರೆ ಅಥೆನ್ಸಿನ ಅರಮನೆಗೂ ಕಾಡಿಗೂ ನಡುವಿನ ಗೆರೆಯೇ ಅಳಿಸಿಹೋಗುತ್ತಿತ್ತು.